ಕೇಬಲಮ್ಮನ ಬಳೆಯ ಮೂರನೆಯ ಪಿನ್ನು

ನಿಮ್ಮ ಮನೆಯ ಹೊಸ್ತಿಲಲ್ಲಿ ಪೊಲೀಸರು ನಿಂತು, ನೀವೇ ಎತ್ತಿ ಆಡಿಸಿದ ತಮ್ಮನನ್ನು ವಿಚಾರಿಸಿದರೆ, ಆ ಮೊದಲ ನಿಮಿಷದಲ್ಲಿ ನೀವು ಅವನನ್ನು ನಂಬುವಿರಾ? ಉತ್ತರಿಸಲು ಅವಸರಪಡಬೇಡಿ. ಆ ದಿನದವರೆಗೆ ನಾನೂ ‘ಖಂಡಿತ’ ಎಂದೇ ಹೇಳುತ್ತಿದ್ದೆ.

ಆ ಪ್ರಶ್ನೆ ಮನಸ್ಸಿನಲ್ಲಿ ಎದ್ದಾಗಲೆಲ್ಲ ನನಗೆ ಕಾಣುವುದು ಒಂದು ಎಡಗೈ. ಏಣಿ ಹತ್ತಿ, ತಂತಿ ಎಳೆದು ಹುರಿಗೊಂಡ ಮಣಿಕಟ್ಟು. ಹೆಬ್ಬೆರಳಿನ ಬುಡದಲ್ಲಿ ಹಳೆಯ ಸುಟ್ಟ ಕಲೆ. ತೆಳುವಾದ ಒಂದು ಉಕ್ಕಿನ ಬಳೆ. ಬಳೆಗೆ ಸಾಲಾಗಿ ಸಿಕ್ಕಿಸಿದ ಮೂರು ಪಿನ್ನುಗಳು, ಹೆಂಗಸರು ಸೆರಗಿಗೆ ಹಾಕಿಕೊಳ್ಳುವಂಥವು. ಗಂಡ ತೀರಿಕೊಂಡ ದಿನ ಹಿರಿಯರು ಆ ಕೈಯ ಗಾಜಿನ ಬಳೆ ತೆಗೆಸಿದ್ದರಂತೆ. ಹನ್ನೊಂದನೆಯ ದಿನ ಕೇಬಲಮ್ಮ ತಾವೇ ಈ ಉಕ್ಕಿನ ಬಳೆ ಹಾಕಿಕೊಂಡು, ಗಂಡನ ಏಣಿಯನ್ನು ಹೆಗಲಿಗೇರಿಸಿ, ಕೇಬಲ್ ಕೆಲಸಕ್ಕೆ ಹೊರಟರಂತೆ. ಆ ಪಿನ್ನುಗಳಲ್ಲಿ ಒಂದಾದರೂ ಸೆರಗಿಗೆ ಹೋದದ್ದನ್ನು ನಾನು ಕಂಡಿಲ್ಲ. ರೂಟರಿನ ಬೆನ್ನಿನಲ್ಲಿ ಸಾಸಿವೆ ಕಾಳಿನಷ್ಟು ಕಿರಿದಾದ ಒಂದು ರಂಧ್ರವಿರುತ್ತದೆ. ಅದರೊಳಗಿನ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿದರೆ ಯಂತ್ರವು ತಾನು ಕಲಿತದ್ದನ್ನೆಲ್ಲ ಮರೆತು, ಕಾರ್ಖಾನೆಯಿಂದ ಹೊರಬಂದ ದಿನಕ್ಕೆ ಮರಳುತ್ತದೆ. ಪಿನ್ನುಗಳಿದ್ದದ್ದು ಆ ರಂಧ್ರಕ್ಕಾಗಿ.

ವಿನೋಬನಗರದ ನಮ್ಮ ಓಣಿಯಲ್ಲಿ ಅವರು ಎಲ್ಲರಿಗೂ ಕೇಬಲಮ್ಮ. ಟಿವಿ ಕೇಬಲಿನ ಕಾಲ ಮುಗಿದು, ಮನೆಮನೆಗೆ ಇಂಟರ್ನೆಟ್ ಬಂದ ಮೇಲೂ ಆ ಹೆಸರು ಬದಲಾಗಲಿಲ್ಲ. ಸೀರೆಯ ಮೇಲೆ ಗಂಡನ ಅರ್ಧ ತೋಳಿನ ಅಂಗಿ, ಹಣೆಯಲ್ಲಿ ವಿಭೂತಿ, ಕೊರಳಿಗೆ ದಾರ ಕಟ್ಟಿ ಇಳಿಬಿಟ್ಟ ಕನ್ನಡಕ. ನಮ್ಮ ಕಡೆಯ ಮನೆಗಳಲ್ಲಿ ಬೆಲೆಬಾಳುವ ವಸ್ತು ಬಂದರೆ ಅದನ್ನು ದೇವರ ಜಗಲಿಯ ಮೇಲೋ ಉಕ್ಕಿನ ಬೀರುವಿನೊಳಗೋ ಇಡುವುದು ರೂಢಿ. ರೂಟರಿಗೂ ಅದೇ ಗೌರವ ಸಿಗುತ್ತಿತ್ತು. ಮೇಲೆ ದಾರದ ಕಸೂತಿಯ ಹೊದಿಕೆ ಬೇರೆ. ಕೇಬಲಮ್ಮ ಬಂದವರೇ ಹೊದಿಕೆ ಎತ್ತಿ, ‘ಅದಕ್ಕೂ ಉಸಿರಾಡಾಕ ಬಿಡ್ರಿ, ಅದೇನು ಮದುವಣಗಿತ್ತಿಯೇನು?’ ಎನ್ನುತ್ತಿದ್ದರು. ನಗುತ್ತ ಮಾತಾಡುತ್ತಿದ್ದವರು ಒಂದು ವಿಷಯದಲ್ಲಿ ಮಾತ್ರ ಎಂದೂ ನಗುತ್ತಿರಲಿಲ್ಲ. ಪ್ರತಿ ಮನೆಯಿಂದ ಹೊರಡುವಾಗಲೂ ಬಾಗಿಲಲ್ಲಿ ನಿಂತು ಹೇಳುತ್ತಿದ್ದ ಮಾತು ಇದು: ‘ನೆಟ್ ನಿಂತ್ರೆ ಅಂಜಿ ಒತ್ತಬ್ಯಾಡ್ರಿ. ಅಂಜಿದ ಕೈಯಾಗ ಪಿನ್ನು ಹಿಡೀಬಾರ್ದು. ಒಂದು ಲೋಟ ನೀರು ಕುಡೀರಿ. ಆಮೇಲೂ ಒತ್ತಬೇಕು ಅನ್ನಿಸಿದ್ರೆ ನನಗ ಫೋನ್ ಮಾಡ್ರಿ.’

ಅದನ್ನು ನಾನು ಒಬ್ಬ ಕೆಲಸಗಾರ್ತಿಯ ಸಾಮಾನ್ಯ ಎಚ್ಚರಿಕೆ ಎಂದು ತಿಳಿದಿದ್ದೆ.

ನಾನು ಕಾಲೇಜೊಂದರಲ್ಲಿ ಪಾಠ ಹೇಳುವವಳು. ಓದುವ ದಿನಗಳಲ್ಲಿ ಚರ್ಚಾಸ್ಪರ್ಧೆಗಳಿಗಾಗಿ ಊರೂರು ತಿರುಗಿದವಳು. ತಂದೆತಾಯಿ ಭಾನುವಳ್ಳಿಯಲ್ಲಿ ಗದ್ದೆ ನೋಡಿಕೊಂಡು ಉಳಿದರು; ತಮ್ಮನ ಓದಿಗೆಂದು ಅವನನ್ನು ನನ್ನ ಬಳಿ ಕಳಿಸಿದರು. ವಿನೋಬನಗರದ ಬಾಡಿಗೆ ಮನೆಯಲ್ಲಿ ನಾನು, ಪದವಿ ಓದುತ್ತಿದ್ದ ತಮ್ಮ, ನಮ್ಮ ಅಜ್ಜಿ. ‘ಅವನ ಜವಾಬ್ದಾರಿ ನಿಂದು’ ಎಂದು ಅವ್ವ ಬಸ್ಸು ಹತ್ತುವಾಗ ಹೇಳಿದ ಒಂದೇ ಮಾತನ್ನು ನಾನು ಹೊತ್ತು ತಿರುಗುತ್ತಿದ್ದೆ.

ವಾರಕ್ಕೆ ಮೂರು ಸಂಜೆ ನಾನು ಹಳ್ಳಿಯ ವಿದ್ಯಾರ್ಥಿನಿಯರಿಗಾಗಿ ಚರ್ಚಾಕಲೆಯ ತರಗತಿಯನ್ನು ಇಂಟರ್ನೆಟ್ಟಿನಲ್ಲಿ ನೇರಪ್ರಸಾರ ಮಾಡುತ್ತಿದ್ದೆ. ಅದೇ ಹೊತ್ತಿಗೆ ತಮ್ಮ ತನ್ನ ಗೆಳೆಯರೊಂದಿಗೆ ಕಂಪ್ಯೂಟರ್ ಆಟಕ್ಕೆ ಕೂರುತ್ತಿದ್ದ. ಕಂಪನಿಯವರು ಕೊಟ್ಟ ಹಳೆಯ ರೂಟರಿಗೆ ಇಬ್ಬರನ್ನೂ ಸಾಕುವ ಶಕ್ತಿ ಇರಲಿಲ್ಲ. ನಾನು ಬಾಯಿ ತೆರೆದ ಹಾಗೆಯೇ ಪರದೆಯಲ್ಲಿ ಕಲ್ಲಾಗುತ್ತಿದ್ದೆ; ಅವನು ಆಟದಲ್ಲಿ ಸತ್ತು ಒಳಗಿನಿಂದ ಕಿರುಚುತ್ತಿದ್ದ. ಹೊಸದನ್ನು ಕೊಳ್ಳಲು ಕೇಬಲಮ್ಮನನ್ನು ಕರೆದುಕೊಂಡು ಪೇಟೆಗೆ ಹೋದೆವು.

ತಮ್ಮನ ಕಣ್ಣು ಎಂಟು ಆಂಟೆನಾಗಳ, ಕೆಂಪು ದೀಪ ಮಿನುಗುವ ಒಂದು ಪೆಟ್ಟಿಗೆಯ ಮೇಲೆ ಬಿತ್ತು. ಅಂಗಡಿಯವನು, ‘ಇದು ಗೇಮಿಂಗ್‌ಗೇ ಅಂತ ಬಂದಿರೋ ಪೀಸು ಅಮ್ಮಾ, ಏಕ್‌ದಂ ಗ್ಯಾರಂಟಿ’ ಎಂದ.

‘ಎಂಟು ಕೊಂಬು ಇದ್ರೆ ಎತ್ತು ಜಾಸ್ತಿ ಹೊಲ ಉಳತೈತೇನಪ್ಪಾ?’ ಎಂದರು ಕೇಬಲಮ್ಮ. ನಂತರ ತಮ್ಮನ ಕಡೆ ತಿರುಗಿ, ‘ನಿಮ್ಮ ಮನ್ಯಾಗ ಗೋಡೆ ಎಷ್ಟು ಅದಾವ? ಯಾರು ಎಲ್ಲಿ ಕುಂದುರ್ತೀರಿ? ಯಾರ ಕೆಲಸ ನಡುವೆ ನಿಂತ್ರೆ ಅಳು ಬರತೈತೆ? ಇಷ್ಟು ಹೇಳು, ಕೊಂಬಿನ ಲೆಕ್ಕ ಆಮೇಲೆ’ ಎಂದರು.

ಅವರು ಆರಿಸಿದ್ದು ನಾಲ್ಕು ಆಂಟೆನಾಗಳ ಕಪ್ಪು ಪೆಟ್ಟಿಗೆ. ಕರೆಂಟು ಹೋದಾಗ ಎರಡು ಮೂರು ಗಂಟೆ ಅದನ್ನು ನಡೆಸುವ ಒಂದು ಪುಟ್ಟ ಬ್ಯಾಟರಿ ಡಬ್ಬಿಯನ್ನೂ ಕೊಡಿಸಿದರು. ಮನೆಗೆ ಬಂದು ರೂಟರಿಗೆ ಜಾಗ ಹುಡುಕುವ ಅವರ ಪದ್ಧತಿ ವಿಚಿತ್ರವಾಗಿತ್ತು. ಜಗಲಿಯ ಪೂಜೆಯ ಗಂಟೆಯನ್ನು ಕೈಗೆತ್ತಿಕೊಂಡು ಒಂದೊಂದು ಮೂಲೆಯಲ್ಲಿ ನಿಂತು ಬಾರಿಸುವರು. ನಾವು ಬಾಗಿಲು ಹಾಕಿಕೊಂಡು ನಮ್ಮ ನಮ್ಮ ಕೋಣೆಯಲ್ಲಿ ನಿಂತು ಸದ್ದು ಹೇಗೆ ಕೇಳುತ್ತದೆಂದು ಕೂಗಿ ಹೇಳಬೇಕು. ‘ಗೋಡೆ ದಾಟುವಾಗ ಗಂಟಿ ಸದ್ದು ಎಲ್ಲಿ ಸೊರಗತೈತೋ ಇದೂ ಅಲ್ಲೇ ಸೊರಗತೈತೆ.’ ಅಜ್ಜಿ ಹೊತ್ತಲ್ಲದ ಹೊತ್ತಿನಲ್ಲಿ ಪೂಜೆಯೆಂದು ಕೈಮುಗಿದು ಹೊರಬಂದರು. ಕೊನೆಗೆ ನಡುಮನೆಯ ಗೋಡೆಯ ಮೇಲೆ, ತಲೆಗಿಂತ ಒಂದು ಗೇಣು ಎತ್ತರದಲ್ಲಿ, ಹಲಗೆ ಹೊಡೆದು ಪೆಟ್ಟಿಗೆಯನ್ನು ಕೂರಿಸಿದರು. ತಮ್ಮನ ಕಂಪ್ಯೂಟರಿಗೆ ಮಾತ್ರ ನೇರ ತಂತಿ ಎಳೆದರು. ‘ಆಟಕ್ಕೆ ಬೇಕಾದ್ದು ಅಗಲ ಅಲ್ಲ ತಮ್ಮಾ, ಚುರುಕು. ಗಾಳಿ ನಂಬಬ್ಯಾಡ, ತಂತಿ ನಂಬು.’ ಆ ತಂತಿ ಮುಂದೆ ಅವನನ್ನು ಉಳಿಸುತ್ತದೆ ಎಂದು ಆಗ ಯಾರಿಗೂ ತಿಳಿದಿರಲಿಲ್ಲ.

ಆಮೇಲೆ ನಾನು ನನ್ನ ಆದರ್ಶವನ್ನು ಅವರ ಮುಂದಿಟ್ಟೆ. ಓಣಿಯಲ್ಲಿ ಎಷ್ಟೋ ಮಕ್ಕಳಿಗೆ ಓದಲು ಇಂಟರ್ನೆಟ್ ಇರಲಿಲ್ಲ. ಬೇಸಿಗೆಯಲ್ಲಿ ದಾರಿಹೋಕರಿಗೆ ಅರವಟ್ಟಿಗೆ ಇಟ್ಟು ನೀರು ಕೊಡುವ ಊರು ನಮ್ಮದು. ನಮ್ಮ ಮನೆಯ ವೈಫೈ ಪಾಸ್‌ವರ್ಡ್ ಇಲ್ಲದೆ ತೆರೆದಿರಲಿ, ಅದು ಅರಿವಿನ ಅರವಟ್ಟಿಗೆಯಾಗಲಿ ಎಂದೆ. ಕೇಬಲಮ್ಮನ ಮುಖ ಗಂಭೀರವಾಯಿತು.

‘ಬ್ಯಾಡ ತಂಗಿ. ಅರವಟ್ಟಿಗ್ಯಾಗ ಒಬ್ರು ಕುಂತಿರ್ತಾರೆ. ಬಂದೋರ ಮುಖ ನೋಡಿ, ಬೊಗಸಿಗೆ ನೀರು ಹಾಕ್ತಾರೆ. ಗಡಿಗಿ ಇಟ್ಟು ಬಾಗಿಲು ಹಾಕ್ಕೊಂಡು ಒಳಗ ಮಲಗಂಗಿಲ್ಲ.’

‘ಬಾಯಾರಿದವರನ್ನು ಅನುಮಾನಿಸುವುದು ನೀರಿಗೆ ಮಾಡುವ ಅವಮಾನವಲ್ಲವೇ?’ ಎಂದೆ ನಾನು. ವಿದ್ಯೆಗೆ ಬೀಗ ಹಾಕಿದವರ ಇತಿಹಾಸವನ್ನು ವಿವರಿಸಿದೆ. ಭಯದಿಂದ ಕಟ್ಟಿದ ಸಮಾಜ ಎಷ್ಟು ದುರ್ಬಲವೆಂದು ನಿರೂಪಿಸಿದೆ. ಅವರ ಒಂದೊಂದು ಆಕ್ಷೇಪಕ್ಕೂ ಎರಡೆರಡು ಉತ್ತರ ಕೊಟ್ಟೆ.

‘ಇಲ್ಲಿ ಮೈಕ್ ಇಲ್ಲ ತಂಗಿ, ಸಣ್ಣಕೆ ಮಾತಾಡು’ ಎಂದು ಅವರು ಕಿವಿ ಮುಚ್ಚಿಕೊಂಡರು. ‘ಆತು, ನೀ ಗೆದ್ದೆ. ಆದ್ರೆ ಮನೆದು ಬ್ಯಾರೆ ಹೆಸರು, ಅರವಟ್ಟಿಗಿದು ಬ್ಯಾರೆ ಹೆಸರು. ಒಂದೇ ಗಡಿಗಿ ಬ್ಯಾಡ. ಇದೊಂದು ನನ್ನ ಮಾತು ನಡೀಲಿ.’

ಹಾಗೆ ನಮ್ಮ ಒಂದೇ ರೂಟರಿನಿಂದ ಎರಡು ವೈಫೈ ಹೊರಟವು: ಪಾಸ್‌ವರ್ಡ್ ಉಳ್ಳದ್ದು ನಮಗೆ, ‘ಅರವಟ್ಟಿಗೆ’ ಎಂಬ ಹೆಸರಿನದು ಓಣಿಗೆ. ಸ್ವಾವಲಂಬನೆಯ ಬಗ್ಗೆಯೂ ನಾನು ಒಂದೆರಡು ಮಾತು ಆಡಿದ್ದರಿಂದ, ಹೊರಡುವಾಗ ಅವರು ಬಳೆಯಿಂದ ಒಂದು ಪಿನ್ನು ಬಿಚ್ಚಿ ನನ್ನ ಅಂಗೈಯಲ್ಲಿಟ್ಟರು. ‘ಇಟ್ಕಾ. ಆದ್ರೆ ನೆನಪಿರ್ಲಿ, ಅಂಜಿದಾಗ ಮುಟ್ಟಬ್ಯಾಡ.’

ಅರವಟ್ಟಿಗೆಯನ್ನು ನಾವು ಶಾಸ್ತ್ರೋಕ್ತವಾಗಿಯೇ ಆರಂಭಿಸಿದೆವು. ಮನೆ ಮುಂದಿನ ಕಟ್ಟೆಯ ಮೇಲೆ ಒಂದು ಮಣ್ಣಿನ ಗಡಿಗೆ ಇಟ್ಟು ಹೂವಿನ ಹಾರ ಹಾಕಿದೆವು. ಮೂರು ಮನೆ ಆಚೆಯ ಹಿರಿಯರೊಬ್ಬರು, ನೌಕರಿಯಲ್ಲಿದ್ದ ಸಭ್ಯರು, ಆ ಸಂಜೆ ನನ್ನ ಕೆಲಸವನ್ನು ಮೆಚ್ಚಿ ಮಾತಾಡಿದರು. ಮರುದಿನದಿಂದ ಮಕ್ಕಳು ಕಟ್ಟೆಯ ಮೇಲೆ ಕೂತು ಓದತೊಡಗಿದರು. ನಾನು ಕಿಟಕಿಯಿಂದ ನೋಡಿ ಹಿಗ್ಗಿದೆ. ಆದರೆ ಕಟ್ಟೆಯ ಮೇಲೆ ನಾನು ಒಂದು ದಿನವೂ ಕೂರಲಿಲ್ಲ.

ಏಳೆಂಟು ತಿಂಗಳ ನಂತರ, ಬೇಸಿಗೆಯ ಒಂದು ಬೆಳಿಗ್ಗೆ ಒಂಬತ್ತರ ಹೊತ್ತಿಗೆ, ಇಬ್ಬರು ಪೊಲೀಸರು ಬಂದರು. ಹಿರಿಯ ಅಧಿಕಾರಿ ಬೂಟು ಬಿಚ್ಚಲು ಬಾಗಿಲಲ್ಲಿ ನಿಂತದ್ದು ನೆನಪಿದೆ. ಆ ಮರ್ಯಾದೆಯೇ ನನ್ನನ್ನು ಹೆಚ್ಚು ಹೆದರಿಸಿತು.

‘ಈ ಕನೆಕ್ಷನ್ ಯಾರ ಹೆಸರಿನಾಗೆ ಐತ್ರಿ ಮೇಡಂ?’

‘ನನ್ನದೇ.’

ಹರಿಹರದಲ್ಲಿ ಒಬ್ಬಳು ಕಾಲೇಜು ಹುಡುಗಿ ತಾನು ಆಡುವ ಆಟವನ್ನು ನೇರಪ್ರಸಾರ ಮಾಡುತ್ತಾಳೆ. ಆ ಪ್ರಸಾರದ ನಡುವೆ ಯಾರೋ ಸುಳ್ಳು ಹೆಸರಿನಲ್ಲಿ ಮೂರು ವಾರದಿಂದ ಬರೆಯುತ್ತಿದ್ದಾರೆ. ಮೊದಲು ಹೊಲಸು ಮಾತು; ಆಮೇಲೆ ಅವಳ ಮನೆಯ ಬಾಗಿಲಿನ ಬಣ್ಣ, ಅವಳು ಹತ್ತುವ ಬಸ್ಸಿನ ಹೊತ್ತು; ಕೊನೆಗೆ, ‘ಸೇತುವೆ ಹತ್ತಿರ ಕಾಯ್ತಿರ್ತೀನಿ’. ಹುಡುಗಿ ಮನೆಯಿಂದ ಹೊರಬರುವುದನ್ನು ನಿಲ್ಲಿಸಿದ್ದಾಳೆ. ಬರಹಗಳೆಲ್ಲ ಹೋಗಿರುವುದು ನಮ್ಮ ಮನೆಯ ಕನೆಕ್ಷನ್ನಿನಿಂದ.

ತಮ್ಮ ಒಳಗಿನಿಂದ ಬಂದ. ಅಧಿಕಾರಿ ಆಟದ ಹೆಸರು ಹೇಳಿ, ಆಡುತ್ತೀಯಾ ಎಂದು ಕೇಳಿದರು. ‘ಹೌದು ಸಾರ್.’ ಆ ಹುಡುಗಿ ಗೊತ್ತೇ? ‘ಅವರ ಲೈವ್ ನೋಡ್ತೀನಿ ಸಾರ್. ಚೆನ್ನಾಗಿ ಆಡ್ತಾರೆ.’

ಅದು ನನಗೂ ಗೊತ್ತಿತ್ತು. ಊಟಕ್ಕೆ ಕೂತಾಗ ಅವನು ಅವಳ ಆಟದ ಬಗ್ಗೆ ಎಷ್ಟೋ ಸಲ ಹೇಳಿದ್ದ. ಅಧಿಕಾರಿಯ ಮುಂದೆ ನಿಂತಿದ್ದ ಆ ಒಂದು ಗಳಿಗೆಯಲ್ಲಿ ಆ ಊಟದ ಮಾತುಗಳೆಲ್ಲ ನನ್ನ ತಲೆಯೊಳಗೆ ಅರ್ಥ ಬದಲಿಸಿಕೊಂಡವು. ಇಪ್ಪತ್ತು ವರ್ಷದ ಹುಡುಗ. ಬಾಗಿಲು ಹಾಕಿಕೊಂಡು ಕೂರುವವನು. ನಾನು ಬಂದರೆ ಪರದೆ ಮುಚ್ಚುವವನು. ಅವನ ಬಗ್ಗೆ ನನಗೆ ನಿಜವಾಗಿ ಏನು ಗೊತ್ತು?

ಪೊಲೀಸರು ಅವನ ಫೋನನ್ನೂ ಕಂಪ್ಯೂಟರನ್ನೂ ಪಟ್ಟಿ ಬರೆದು, ಸಹಿ ಹಾಕಿಸಿಕೊಂಡು ತೆಗೆದುಕೊಂಡರು. ಅವುಗಳ ಪರೀಕ್ಷೆಗೆ ಬಹಳ ದಿನ ಹಿಡಿಯುತ್ತದಂತೆ. ‘ರೂಟರ್ ಹಂಗೇ ಇರ್ಲಿ, ಯಾರೂ ಮುಟ್ಟಬ್ಯಾಡ್ರಿ. ಸಂಜೆ ನಾಲ್ಕೂವರೆಗೆ ತಿಳಿದೋರನ್ನ ಕರ್ಕೊಂಡು ಬಂದು ನೋಡ್ತೀವಿ. ತಮ್ಮನೂ ಮನ್ಯಾಗೇ ಇರ್ಲಿ’ ಎಂದು ಹೇಳಿ ಹರಿಹರದ ಕಡೆ ಹೊರಟರು.

ತಮ್ಮ ಅಜ್ಜಿಯ ಕೋಣೆಗೆ ಹೋದ. ನಾನು ನಡುಮನೆಯಲ್ಲಿ ಒಬ್ಬಳೇ ಉಳಿದೆ. ಆ ಕಪ್ಪು ಪೆಟ್ಟಿಗೆಯ ಹಸಿರು ದೀಪಗಳು ಏನೂ ಆಗಿಲ್ಲವೆಂಬಂತೆ ಮಿನುಗುತ್ತಿದ್ದವು. ಅದರೊಳಗೆ ಯಾವ ಯಂತ್ರ ಯಾವ ಹೊತ್ತಿನಲ್ಲಿ ಬಂದು ಹೋಯಿತೆಂಬ ದಾಖಲೆ ಇರುತ್ತದೆಂದು ನನಗೆ ತಿಳಿದಿತ್ತು. ಸಂಜೆ ಯಾರೋ ಅದನ್ನು ತೆರೆಯುತ್ತಾರೆ. ತಮ್ಮನ ಹೆಸರು ಹೊರಬೀಳುತ್ತದೆ. ಅವ್ವ ಭಾನುವಳ್ಳಿಯಿಂದ ಬರುತ್ತಾಳೆ. ‘ಅವನ ಜವಾಬ್ದಾರಿ ನಿಂದು.’

ನಾನು ಪಿನ್ನು ತಂದೆ. ಸ್ಟೂಲಿನ ಮೇಲೆ ನಿಂತು ಪೆಟ್ಟಿಗೆಯನ್ನು ಓರೆ ಮಾಡಿದೆ. ಮೊದಲ ಸಲ ಪಿನ್ನಿನ ಮೊನೆ ರಂಧ್ರದ ಸುತ್ತ ಗೀರಿತೇ ಹೊರತು ಒಳಗೆ ಹೋಗಲಿಲ್ಲ. ಎರಡನೆಯ ಸಲ ಹೋಯಿತು. ಒಳಗಿನ ಗುಂಡಿ ಮೆತ್ತಗೆ ತಗ್ಗಿತು. ಮನಸ್ಸಿನಲ್ಲಿ ಒಂದು, ಎರಡು, ಮೂರು ಎಂದು ಎಣಿಸಿದೆ.

‘ಏ ತಂಗೀ! ಕೈ ತಗೀ!’

ಬಾಗಿಲಲ್ಲಿ ಕೇಬಲಮ್ಮ ನಿಂತಿದ್ದರು. ಓಡಿ ಬಂದಿದ್ದರಿಂದ ಏದುಸಿರು ಬಿಡುತ್ತಿದ್ದರು. ನನ್ನ ಕೈ ತಾನಾಗಿಯೇ ಕೆಳಗೆ ಬಿತ್ತು. ಅವರು ಬಂದು ದೀಪಗಳನ್ನು ನೋಡಿದರು. ಹಸಿರು ಹಾಗೆಯೇ ಇತ್ತು. ನನ್ನ ಭುಜ ಹಿಡಿದು ಸ್ಟೂಲಿನಿಂದ ಇಳಿಸಿ, ಒಂದು ಲೋಟ ನೀರು ತಂದು ಕೊಟ್ಟರು. ಅವರ ಹಿಂದೆ ಅಜ್ಜಿಯ ಫೋನು ಹಿಡಿದು ತಮ್ಮ ನಿಂತಿದ್ದ. ಪೊಲೀಸರು ಹೋದ ಕೂಡಲೇ ಅವನು ಮಾಡಿದ ಮೊದಲ ಕೆಲಸ ಕೇಬಲಮ್ಮನಿಗೆ ಫೋನ್ ಮಾಡಿದ್ದು. ನಾನು ದಾಖಲೆ ಅಳಿಸಲು ಓಡಿದ್ದೆ. ಅವನು ದಾಖಲೆ ಓದಬಲ್ಲವರನ್ನು ಕರೆದಿದ್ದ.

ಅಷ್ಟರಲ್ಲಿ ಫ್ಯಾನು ನಿಂತಿತು.

ಲೈನ್ ದುರಸ್ತಿಗಾಗಿ ಹತ್ತರಿಂದ ಐದರವರೆಗೆ ಕರೆಂಟು ಇರುವುದಿಲ್ಲವೆಂದು ಆ ದಿನದ ಪತ್ರಿಕೆಯಲ್ಲಿ ಬಂದಿತ್ತು, ನಾವು ಮರೆತಿದ್ದೆವು. ‘ಈ ಪೆಟ್ಟಿಗಿ ನೆನಪು ಉಸಿರು ಇರೋ ತನಕ ಅಷ್ಟೇ’ ಎಂದರು ಕೇಬಲಮ್ಮ. ‘ದೀಪ ಆರಿದ್ರೆ ಯಾರು ಬಂದ್ರು ಹೋದ್ರು ಅನ್ನೋದೆಲ್ಲ ಹೋಗತೈತೆ.’ ಪುಟ್ಟ ಬ್ಯಾಟರಿ ಡಬ್ಬಿ ಅದನ್ನು ಮಧ್ಯಾಹ್ನದವರೆಗೆ ಮಾತ್ರ ಹಿಡಿದಿಡಬಲ್ಲದು. ಅವರು ಅಧಿಕಾರಿ ಕೊಟ್ಟುಹೋಗಿದ್ದ ನಂಬರಿಗೆ ಫೋನ್ ಮಾಡಿ ಕರೆಂಟಿನ ವಿಷಯ ತಿಳಿಸಿದರು. ನಾಲ್ಕೂವರೆಗೆ ಮೊದಲು ಬರಲಾಗದು, ಹೇಗಾದರೂ ಉಳಿಸಿಕೊಳ್ಳಿ ಎಂಬ ಉತ್ತರ ಬಂತು.

‘ಈಗಲೇ ತೆರೆದು ನೋಡಿ ಫೋಟೋ ತೆಗೆದುಕೊಂಡರೆ?’ ಎಂದೆ.

‘ಮುಟ್ಟಬ್ಯಾಡ್ರಿ ಅಂದಾರೆ. ನಾವು ಒಳಗ ಹೋದ್ರೆ ನಾವೇ ತಿದ್ದಿದ್ವಿ ಅಂತಾರೆ. ಅದು ತಾನೇ ಮಾತಾಡ್ಬೇಕು, ಅವರ ಮುಂದೇನೇ ಮಾತಾಡ್ಬೇಕು.’

ಒಂದು ಗಂಟೆಯೊಳಗೆ ಅವರು ಆಟೋದಲ್ಲಿ ತಮ್ಮ ಕೇಬಲ್ ಕೊಠಡಿಯ ಇನ್ವರ್ಟರನ್ನೂ ದೊಡ್ಡ ಬ್ಯಾಟರಿಯನ್ನೂ ಹೇರಿಕೊಂಡು ಬಂದರು. ಅದನ್ನು ಒಳಗೆ ಹೊರಲು ಮೂರು ಜನ ಸಾಲದಾಯಿತು. ಕೊನೆಗೆ ಕಟ್ಟೆಯ ಮೇಲೆ, ಆ ಗಡಿಗೆಯ ಪಕ್ಕದಲ್ಲಿಯೇ ಇಳಿಸಿ, ಕಿಟಕಿಯಿಂದ ವೈರು ಎಳೆದು ಪುಟ್ಟ ಡಬ್ಬಿಗೆ ಜೀವ ಕೊಟ್ಟರು. ದೀಪಗಳು ಆರಲಿಲ್ಲ.

ಆಮೇಲೆ ಕಾಯುವುದೊಂದೇ ಉಳಿಯಿತು. ಗಾಳಿಯಿಲ್ಲದ ಆ ಮಧ್ಯಾಹ್ನದ ಭಯವನ್ನು ನಾನು ಹೇಗೆ ಬಣ್ಣಿಸಲಿ? ದೀಪ ಆರಿದರೆ ತಮ್ಮನ ಪರವಾಗಿ ಹೇಳುವ ಸಾಕ್ಷಿ ಹೋಗುತ್ತದೆ ಎಂದು ಹೆದರುತ್ತಿದ್ದೆ. ದೀಪ ಉಳಿದರೆ ಅದೇ ಸಾಕ್ಷಿ ಅವನ ವಿರುದ್ಧ ಹೇಳಬಹುದೆಂದು ಅದಕ್ಕಿಂತ ಹೆಚ್ಚು ಹೆದರುತ್ತಿದ್ದೆ. ಅವನು ಎದುರು ಗೋಡೆಗೆ ಒರಗಿ ಕೂತಿದ್ದ. ನಾನು ಅವನ ಮುಖ ನೋಡಲಿಲ್ಲ. ಅವನು ನನ್ನ ಮುಖದಿಂದ ಕಣ್ಣು ತೆಗೆಯಲಿಲ್ಲ. ಕೇಬಲಮ್ಮ ಮಂಡಕ್ಕಿಯ ಪೊಟ್ಟಣ ಬಿಚ್ಚಿ ನಡುವೆ ಇಟ್ಟರು. ಯಾರೂ ಕೈ ಹಾಕಲಿಲ್ಲ.

ಬಹಳ ಹೊತ್ತಾದ ಮೇಲೆ ಅವರು ಮೆಲ್ಲಗೆ, ‘ತಂಗಿ, ಯಾಕ ಅಳಸಾಕ ಹೋದೆ?’ ಎಂದರು.

‘ಅವನನ್ನು ಉಳಿಸಲು.’

‘ಉಳಸಾಕ ಅಂದ್ರೆ, ಅವನೇ ಮಾಡ್ಯಾನೆ ಅಂತ ನಿನ್ನ ಮನಸಿನ್ಯಾಗ ಆಗಲೇ ತೀರ್ಮಾನ ಆಗಿತ್ತು. ಕೇಳಿದ್ಯೇನು ಅವನ್ನ? ಊರಿಗೆಲ್ಲಾ ವಾದ ಮಾಡಾಕ ಕಲಸ್ತೀಯ. ಮನ್ಯಾಗಿನೋನಿಗೆ ಒಂದು ಮಾತು ಕೇಳಲಿಲ್ಲ.’

ನಾನು ತಮ್ಮನ ಕಡೆ ತಿರುಗಿದೆ.

ಆಗ, ಮೊದಲ ಸಲ, ಕೇಳಿದೆ. ‘ನೀ ಮಾಡಿದ್ದೇನೋ?’

‘ಇಲ್ಲ’ ಎಂದ. ‘ಇದನ್ನ ಬೆಳಿಗ್ಗೆನೇ ಕೇಳಬೇಕಾಗಿತ್ತು ನೀನು’ ಎಂದ.

ಅಧಿಕಾರಿ ನಾಲ್ಕು ಮುಕ್ಕಾಲಿಗೆ ಬಂದರು. ಜೊತೆಯಲ್ಲಿ ಬಂದ ತಂತ್ರಜ್ಞರು ತಾವು ತಂದಿದ್ದ ಲ್ಯಾಪ್‌ಟಾಪನ್ನು ರೂಟರಿಗೆ ಜೋಡಿಸಿದರು. ಕೇಬಲಮ್ಮ ದೂರ ನಿಂತು, ಕೇಳಿದಷ್ಟಕ್ಕೆ ಮಾತ್ರ ಉತ್ತರ ಕೊಟ್ಟರು. ಪರದೆಯ ಮೇಲೆ ಸಾಲುಸಾಲು ಅಂಕಿಗಳು ಹರಿದವು. ನಾನು ಅವರ ಬೆನ್ನ ಹಿಂದೆ ನಿಂತು ನೋಡುತ್ತಿದ್ದೆ.

‘ಎರಡು ಹೆಸರು ಇದಾವಲ್ಲ?’ ಎಂದರು ತಂತ್ರಜ್ಞರು.

‘ಹೌದ್ರಿ. ಒಂದು ಮನೆದು, ಒಂದು ಓಣಿದು’ ಎಂದರು ಕೇಬಲಮ್ಮ. ‘ಹುಡುಗನ ಕಂಪ್ಯೂಟರಿಗೆ ತಂತಿ ಹಾಕೀನಿ. ಅವನ ಫೋನು ಮನೆ ಹೆಸರಿನಾಗೆ ಬರತೈತೆ.’

ಬೆದರಿಕೆಯ ಬರಹಗಳ ಹೊತ್ತನ್ನು ಅಧಿಕಾರಿ ಒಂದೊಂದಾಗಿ ಓದಿದರು. ತಂತ್ರಜ್ಞರು ಒಂದೊಂದಾಗಿ ದಾಖಲೆಯೊಂದಿಗೆ ತಾಳೆ ನೋಡಿದರು. ಪ್ರತಿಯೊಂದು ಹೊತ್ತಿನಲ್ಲೂ ‘ಅರವಟ್ಟಿಗೆ’ಯಲ್ಲಿ ಒಂದೇ ಒಂದು ಫೋನು ಇತ್ತು, ಎಲ್ಲ ಸಲವೂ ಅದೇ ಫೋನು. ಎರಡು ಸಲವಂತೂ ನಮ್ಮ ಮನೆಯ ಯಾವ ಯಂತ್ರವೂ ಚಾಲೂ ಇರಲಿಲ್ಲ; ಆ ಎರಡು ದಿನ ನಾವು ಭಾನುವಳ್ಳಿಯಲ್ಲಿದ್ದೆವು. ಕೆಲವರು ತಮ್ಮ ಫೋನಿಗೆ ತಮ್ಮದೇ ಹೆಸರಿಟ್ಟುಕೊಂಡಿರುತ್ತಾರೆ. ಪರದೆಯ ಮೇಲಿನ ಆ ಹೆಸರನ್ನು ನಾನು ಓದಿದೆ. ಅದು ಮೂರು ಮನೆ ಆಚೆಯವರದು. ಗಡಿಗೆಗೆ ಹಾರ ಹಾಕಿದ ಸಂಜೆ ನನ್ನನ್ನು ಮೆಚ್ಚಿ ಮಾತಾಡಿದ ಸಭ್ಯರದು. ಅವರ ಕಚೇರಿ ಹರಿಹರದಲ್ಲಿತ್ತು. ಹುಡುಗಿ ಬಸ್ಸು ಹತ್ತುವ ನಿಲ್ದಾಣದಲ್ಲಿಯೇ ಅವರೂ ಇಳಿದು ಹತ್ತುತ್ತಿದ್ದರು. ಎರಡು ದಿನದಲ್ಲಿ ಅವರು ಒಪ್ಪಿಕೊಂಡರೆಂದು ಅಧಿಕಾರಿ ತಿಳಿಸಿದರು.

ನಾನು ಅರವಟ್ಟಿಗೆಯನ್ನು ಶಾಶ್ವತವಾಗಿ ಮುಚ್ಚುತ್ತೇನೆ ಎಂದೆ. ಕೇಬಲಮ್ಮ ಒಪ್ಪಲಿಲ್ಲ. ‘ಯಾಕ ಮುಚ್ತೀಯ? ಓದೋ ಮಕ್ಕಳು ಏನು ಮಾಡ್ಯಾವ? ಗಡಿಗಿ ಪಕ್ಕ ಕುಂದುರು ಅಂತ ನಾನು ಅವತ್ತೇ ಹೇಳಿದ್ದೆ.’ ಅಂದಿನಿಂದ ಪ್ರತಿ ಸಂಜೆ ಒಂದು ಗಂಟೆ ನಾನು ಕಟ್ಟೆಯ ಮೇಲೆ ಕೂರುತ್ತೇನೆ. ಅರವಟ್ಟಿಗೆಯ ಆಯಾ ದಿನದ ಪಾಸ್‌ವರ್ಡನ್ನು ಬಂದವರಿಗೆ ಮುಖ ನೋಡಿ ಹೇಳುತ್ತೇನೆ; ಎದ್ದು ಹೋಗುವಾಗ ಬದಲಿಸುತ್ತೇನೆ.

ಮುಂದಿನ ವಾರ ಅವರು ನನ್ನನ್ನು ಹರಿಹರಕ್ಕೆ ಕರೆದುಕೊಂಡು ಹೋದರು. ಆ ಹುಡುಗಿಯ ಮನೆಗೆ ಹೋಗಿ ಕ್ಷಮೆ ಕೇಳಬೇಕೆಂದು ನಾನು ಹೇಳಿದ್ದೆ. ಒಬ್ಬಳೇ ಹೋಗುವ ಧೈರ್ಯವಿರಲಿಲ್ಲ. ಹುಡುಗಿ ರೂಟರನ್ನು ಕಿತ್ತು, ಟವೆಲಿನಲ್ಲಿ ಸುತ್ತಿ, ಟ್ರಂಕಿನ ತಳದಲ್ಲಿ ಇಟ್ಟಿದ್ದಳು. ನಾನು ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದ ವಾಕ್ಯಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ‘ನಮ್ಮ ಮನ್ಯಾಗಿಂದ ಬಂತಮ್ಮಾ. ನಂದು ತಪ್ಪಾತು’ ಎಂದಷ್ಟೇ ಹೇಳಿದೆ. ಅವಳು ತಲೆಯಾಡಿಸಿದಳು. ಕ್ಷಮಿಸಿದಳೋ ಇಲ್ಲವೋ, ನನಗೆ ಇಂದಿಗೂ ತಿಳಿಯದು.

ಕೇಬಲಮ್ಮ ಟವೆಲ್ ಬಿಚ್ಚಿ, ಪೆಟ್ಟಿಗೆಯನ್ನು ಒರೆಸಿ, ಬಳೆಯಿಂದ ಪಿನ್ನು ತೆಗೆದು, ಹುಡುಗಿಯ ಕೈಯಿಂದಲೇ ಒತ್ತಿಸಿದರು. ‘ಇದಕ್ಕೆ ಒತ್ತಬಹುದು. ಇಲ್ಲಿ ಉಳಿಸ್ಬೇಕಾದ್ದು ಏನೂ ಇಲ್ಲ.’ ಹೊಸ ಹೆಸರು, ಹೊಸ ಪಾಸ್‌ವರ್ಡ್ ಹಾಕಿಸಿದರು. ಆ ಹೆಸರಿನಲ್ಲಿ ಮನೆಯ ಸುಳಿವೂ ಊರಿನ ಸುಳಿವೂ ಇರದಂತೆ ನೋಡಿಕೊಂಡರು. ಪ್ರಸಾರ ಮಾಡುವಾಗ ಕ್ಯಾಮೆರಾದಲ್ಲಿ ಕಿಟಕಿಯಾಗಲಿ ಬಾಗಿಲಾಗಲಿ ಕಾಣದಂತೆ ಮೇಜನ್ನು ತಿರುಗಿಸಿದರು.

‘ಮತ್ತೆ ಯಾರಾದ್ರೂ ಬಂದ್ರೆ?’ ಎಂದು ಕೇಳಿದಳು ಹುಡುಗಿ.

‘ಬರ್ತಾರವ್ವ. ಬರಲ್ಲ ಅಂತ ಸುಳ್ಳು ಹೇಳಂಗಿಲ್ಲ’ ಎಂದರು ಕೇಬಲಮ್ಮ. ‘ಬಂದಾಗ ಏನೂ ಅಳಸಬ್ಯಾಡ. ನನಗ ಫೋನ್ ಮಾಡು.’

ಅವಳು ಒಂದು ತಿಂಗಳ ಮೇಲೆ ಮತ್ತೆ ಆಡಲು ಕೂತಳೆಂದು ತಮ್ಮ ಹೇಳಿದ. ಅದನ್ನು ಅವನು ಹೇಳಿದ್ದು ಕೇಬಲಮ್ಮನಿಗೆ. ನಾನು ಪಕ್ಕದಲ್ಲಿದ್ದೆ, ಅಷ್ಟೇ. ನಮ್ಮಿಬ್ಬರ ನಡುವೆ ಮಾತು ನಿಂತಿಲ್ಲ. ಆದರೆ ನಾನು ಕೋಣೆಗೆ ಬಂದರೆ ಅವನು ಈಗ ಪರದೆಯನ್ನು ಮುಚ್ಚುವುದಿಲ್ಲ; ನನ್ನ ಕಡೆ ಪೂರ್ತಿ ತಿರುಗಿಸಿಡುತ್ತಾನೆ. ‘ನೋಡು, ಚೆನ್ನಾಗಿ ನೋಡು’ ಎಂಬಂತೆ. ಮುಚ್ಚುತ್ತಿದ್ದ ದಿನಗಳಲ್ಲಿ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಈ ವರ್ಷ, ಮಳೆ ಹಿಡಿಯುವ ಮುನ್ನ, ಕೇಬಲಮ್ಮ ತೀರಿಕೊಂಡರು. ಬೆಳಿಗ್ಗೆ ಏಣಿಯನ್ನು ಗೋಡೆಗೆ ಒರಗಿಸಿ, ಎದೆನೋವೆಂದು ಮೆಟ್ಟಿಲ ಮೇಲೆ ಕೂತವರು ಮತ್ತೆ ಏಳಲಿಲ್ಲ. ಸುದ್ದಿ ತಿಳಿದಾಗ ನಾನು ಮೊದಲು ಮಾಡಿದ್ದು ಏನು ಗೊತ್ತೇ? ಒಂದು ಲೋಟ ನೀರು ಕುಡಿದೆ. ಸಮಾಧಿಗೆ ಇಳಿಸುವ ಮುನ್ನ ಅವರ ಮಗಳು ಆ ಉಕ್ಕಿನ ಬಳೆಯನ್ನು ಬಿಚ್ಚಿದಳು. ಅದರಲ್ಲಿ ಎರಡೇ ಪಿನ್ನುಗಳಿದ್ದವು. ನನಗೆ ಕೊಟ್ಟ ಮೂರನೆಯದರ ಜಾಗವನ್ನು ಅವರು ಇಷ್ಟು ದಿನವೂ ಖಾಲಿ ಬಿಟ್ಟಿದ್ದರು. ಪಿನ್ನು ನನ್ನ ಬಳಿಯೇ ಇದೆ, ರೂಟರಿನ ಹಲಗೆಯ ಮೇಲೆ. ಮೊನೆ ಸ್ವಲ್ಪ ಬಾಗಿದೆ. ನಾನು ಅದನ್ನು ನೆಟ್ಟಗೆ ಮಾಡಿಲ್ಲ. ಹತ್ತಕ್ಕೆ ಇನ್ನು ಏಳು ಎಣಿಕೆ ಉಳಿದಿತ್ತು ಎಂಬುದನ್ನು ಅದು ದಿನವೂ ನೆನಪಿಸುತ್ತದೆ.

ಓದುಗರಲ್ಲಿ ನನ್ನ ಬೇಡಿಕೆ ಸರಳವಾದದ್ದು. ಇಂದೇ ನಿಮ್ಮ ಮನೆಯ ರೂಟರನ್ನು ನೋಡಿ. ಕಾರ್ಖಾನೆಯಿಂದ ಬಂದ ಪಾಸ್‌ವರ್ಡ್ ಇನ್ನೂ ಇದ್ದರೆ ಬದಲಿಸಿ. ಮನೆಯವರಿಗೆ ಒಂದು ಹೆಸರು, ಬಂದುಹೋಗುವವರಿಗೆ ಬೇರೊಂದು ಹೆಸರು ಇಡಿ. ಎಂದಾದರೂ ಪೊಲೀಸರು ಬಾಗಿಲಿಗೆ ಬಂದರೆ, ಯಾವ ಗುಂಡಿಯನ್ನೂ ಒತ್ತುವ ಮೊದಲು, ನಿಮ್ಮ ಮನೆಯ ಹುಡುಗನನ್ನು ಎದುರಿಗೆ ಕೂರಿಸಿಕೊಂಡು ‘ನೀನು ಮಾಡಿದೆಯಾ?’ ಎಂದು ಕೇಳಿ. ಅವನು ಉತ್ತರಿಸುವವರೆಗೆ ಕಾಯಿರಿ.